ಅಕ್ಷರಕ್ಕೆ ಒಂದಾಣೆ

ದಂಡಿನ ಚರ್ಚಿನ ಉತ್ತರದ ಗೋಡೆಯಲ್ಲಿ,
ಫ್ಯಾನಿನ ಸ್ವಿಚ್ಚಿಗಿಂತ ಒಂದು ಮೊಳ ಮೇಲೆ,
ಇದ್ದಾನೆ ಮೂರನೆಯ ವಾಡರ್ಬಿ ಸಾಹೇಬ.
ಕಡೆದದ್ದು ನನ್ನ ಮುತ್ತಜ್ಜ, ಬಸವಲಿಂಗಾಚಾರಿ.
ಇಂಗ್ಲಿಷು ಬರುತ್ತಿರಲಿಲ್ಲ ಅವನಿಗೆ.
ಕುಡುಗೋಲಿನ ಹಾಗೆ ಒಂದು, ಏಣಿಯ ಹಾಗೆ ಇನ್ನೊಂದು,
ಚೀಟಿಯಲ್ಲಿದ್ದ ಆಕಾರಗಳನ್ನು ನೋಡಿ ನೋಡಿ ಕಲ್ಲಿಗೆ ಇಳಿಸಿದ.
ಅಕ್ಷರಕ್ಕೆ ಒಂದಾಣೆ.
ಬಿರುದು ಉದ್ದವಾದಷ್ಟೂ ನಮ್ಮ ಮನೆಗೆ ರಾಗಿ.

ಆ ಮನೆತನದಲ್ಲಿ ಬಿರುದಿಗೆ ಬರವಿರಲಿಲ್ಲ.
ಮೊದಲನೆಯವನು ಪಲ್ಟನ್ನಿನ ಜೊತೆ ಬಂದು
ಊರಿಗೆ ಮರಳಿ ಪಾರ್ಲಿಮೆಂಟಿನಲ್ಲಿ ಕೂತ.
ಅವನ ಮಗನಿಗೆ ಅದೇ ಕುರ್ಚಿ, ಅದೇ ಕೆಮ್ಮು.
ಮೂರನೆಯವನು ಇಲ್ಲಿಗೇ ಬಂದ. ಪ್ಲೇಗಿನ ವರ್ಷ
ಒಂದು ನಲ್ಲಿ ಉದ್ಘಾಟಿಸಿ ನಲವತ್ತು ನಿಮಿಷ ಮಾತಾಡಿದನಂತೆ;
ನೀರು ಬಂದದ್ದು ಮಾರನೆಯ ದಿನ.
ನಾಲ್ಕನೆಯವನು ನಮ್ಮ ಬಿಡುಗಡೆಯ ಮಸೂದೆಗೆ
ಅರೆನಿದ್ದೆಯಲ್ಲಿ ಹೂಂ ಅಂದವನು.
ಐದನೆಯವನು ಹನ್ನೊಂದು ವಾರ ಮಂತ್ರಿ,
ಯಾವ ಖಾತೆಯೆಂದು ಮಗನಿಗೂ ನೆನಪಿಲ್ಲ.

ಆ ಮಗನೇ ಬಂದಿದ್ದ ಹೋದ ಫೆಬ್ರವರಿಯಲ್ಲಿ,
ಬಿಸಿಲಿಗೆ ಕೆಂಪಾದ ಮೂಗು, ಕ್ಯಾನ್ವಾಸ್ ಶೂ.
ಅಪ್ಪನಿಂದ ಬಂದ ಕುರ್ಚಿ
ಅಪ್ಪನಿಂದ ಬಂತೆಂಬ ಕಾರಣಕ್ಕೇ ಹೋಯಿತಂತೆ ಈಗ.
ಮುತ್ತಾತನ ಹೆಸರಿನ ರಸ್ತೆ ನೋಡಬೇಕೆಂದ.
ವಾಡರ್ಬಿ ರೋಡ್ ಎಂದರೆ ಒಬ್ಬ ಆಟೋದವನೂ ತಲೆಯಾಡಿಸಲಿಲ್ಲ.
ವಡೆರುಬ್ಬಿ ರೋಡಪ್ಪ, ಅಂದೆ ನಾನು.
ಓ, ವಡೆರುಬ್ಬಿ! ಹಾಗನ್ನಿ ಮತ್ತೆ. ಮೀಟರ್ ಮೇಲೆ ಇಪ್ಪತ್ತು.

ಬೋರ್ಡಿನಲ್ಲಿ ಬೇರೆಯೇ ಹೆಸರು:
ಮಾಜಿ ಕಾರ್ಪೊರೇಟರ್ ದಿವಂಗತ ಮುನಿಹುಚ್ಚಪ್ಪನವರ ರಸ್ತೆ.
ಮಗ ಈಗ ಶಾಸಕ. ಸೊಸೆ ಮುಂದಿನ ಸಲಕ್ಕೆ.
ಮೊಮ್ಮಗ, ಇನ್ನೂ ಹಾಲುಹಲ್ಲು ಬೀಳುವ ಪ್ರಾಯ,
ಆಗಲೇ ಫ್ಲೆಕ್ಸಿನಲ್ಲಿ ಕೈಮುಗಿದು ನಿಂತಿದ್ದಾನೆ, ಯುವ ನಾಯಕ.
ಆರನೆಯ ವಾಡರ್ಬಿ ಆ ಹುಡುಗನನ್ನೇ ನೋಡುತ್ತ ನಿಂತ,
ತನ್ನದೇ ಹಳೆಯ ಫೋಟೋ ಸಿಕ್ಕಿದವನ ಹಾಗೆ.

ಇಲ್ಲಿನ ಶಂಕುಸ್ಥಾಪನೆಯ ಕಲ್ಲೆಲ್ಲ ನಮ್ಮ ಅಂಗಡಿಯದೇ, ಅಂದೆ.
ಮಾನ್ಯ, ಸನ್ಮಾನ್ಯ, ಘನ ಉಪಸ್ಥಿತಿ;
ಚರಂಡಿ ಎರಡಡಿ, ಹೆಸರು ಆರಡಿ.
ಈಗ ಅಕ್ಷರಕ್ಕೆ ಹದಿನೆಂಟು ರೂಪಾಯಿ, ಒತ್ತಕ್ಷರಕ್ಕೆ ಬೇರೆ.
ಮುಂಗಡವಿಲ್ಲದೆ ಉಳಿ ಮುಟ್ಟುವುದಿಲ್ಲ.
ಅದು ನಿಮ್ಮವರು ಕಲಿಸಿದ ಪಾಠ.

ಹೇಗೆ ಅಂದ. ಟ್ರಂಕಿನ ತಳದಿಂದ ಬಿಲ್ಲು ತೆಗೆದೆ,
ಜಿರಳೆ ಒಂದು ಮೂಲೆ ತಿಂದದ್ದು:
ಇನ್ನೂರ ಹದಿನಾಲ್ಕು ಅಕ್ಷರ,
ಹದಿಮೂರು ರೂಪಾಯಿ ಆರಾಣೆ. ಬಾಕಿ.

ಚರ್ಚಿಗೆ ಮರಳಿ, ಶೂ ಬಿಚ್ಚಿ, ಬೆಂಚು ಹತ್ತಿ
ಬೆರಳಿಟ್ಟು ಎಣಿಸಿದ ತನ್ನ ಮುತ್ತಾತನನ್ನು,
ತುಟಿ ಅಲ್ಲಾಡಿಸುತ್ತ, ಒಂದನೇ ತರಗತಿಯವನಂತೆ.
ಇನ್ನೂರ ಹದಿಮೂರು.
ಮತ್ತೆ ಎಣಿಸಿದ. ಇನ್ನೂರ ಹದಿಮೂರೇ.
ಎರಡು ಡಿ ಇರಬೇಕಾದ ಹೆಸರಿನಲ್ಲಿ ಒಂದೇ ಡಿ.

ದುಡ್ಡು ಕೊಡದೆ ಹೋದದ್ದು ಅದಕ್ಕೋ,
ಬರುವುದಿಲ್ಲವೆಂದು ವಾಸನೆ ಹಿಡಿದು
ಮುತ್ತಜ್ಜನೇ ಒಂದನ್ನು ನುಂಗಿದನೋ,
ಇಲ್ಲಾ ಬರೀ ಸಂಜೆಗತ್ತಲೋ.
ಕಲ್ಲು ಬಾಯಿ ಬಿಡಲಿಲ್ಲ.

ಒಂದಾಣೆ ಕಳೆದರೆ, ಅಂದ ಆರನೆಯವನು,
ಆಯವ್ಯಯ ಮಂಡಿಸುವ ಗಂಭೀರ ದನಿಯಲ್ಲಿ,
ಹದಿಮೂರು ರೂಪಾಯಿ ಐದಾಣೆ.
ಹುಟ್ಟುಗುಣ, ಎಲ್ಲಿ ಹೋಗುತ್ತದೆ!
ಇಪ್ಪತ್ತರ ನೋಟು ಕೊಟ್ಟ. ಚಿಲ್ಲರೆ ಇರಲಿಲ್ಲ ನನ್ನಲ್ಲಿ.
ಮತ್ತೆ ವಡೆರುಬ್ಬಿ ರೋಡಿಗೇ ಹೋಗಿ, ಮೂಲೆಯ ಹೋಟೆಲಲ್ಲಿ
ಒಂದು ವಡೆ ತಂದು ಮುರಿದು ಅರ್ಧ ಕೊಟ್ಟೆ.

ಲೆಕ್ಕ ಸರಿಹೋಯಿತೇ, ಕೇಳಬೇಡಿ.
ವಡೆ ಬಿಸಿ ಇತ್ತು.