ಅಂಬಿಗನ ಸರದಿ

ರಾತ್ರಿ ಹನ್ನೊಂದಕ್ಕ ಸೋಲಾಪುರದ ಕಡೇ ಬಸ್ಸು
ಅಕ್ಕಲಕೋಟದ ಸ್ಟ್ಯಾಂಡಿಗೆ ಬಂದು ಖಾಲಿ ಆದಮ್ಯಾಲ
ಲಾಡ್ಜಿನ ವಹಿ ಮುಚ್ಚತೀನಿ.
ಹೆಸರು, ಎಲ್ಲಿಂದ, ಎಲ್ಲಿಗೆ, ಎಷ್ಟು ಮಂದಿ,
ಎಲ್ಲಾ ಮರಾಠಿಯೊಳಗ; ಮಾಲಕರು ಓದಬೇಕಲ್ಲ.
ಗ್ವಾಡಿ ಮ್ಯಾಲ ಉಳದ ಕೀಲಿ ಎಣಸತೀನಿ.
ಆಮ್ಯಾಲ ಫೋನಿನಾಗ ಇನ್ನೊಂದು ವಹಿ ತಗೀತೀನಿ.

ಇದರಾಗ ಬರೇ ಅಕ್ಷರ.
ಚಿತ್ರ ಇಲ್ಲ, ಸಪ್ಪಳ ಇಲ್ಲ.
ಎದುರಿಗೆ ಗುಡ್ಡ ಅಂತ ನಾ ಬರದ್ರ ಗುಡ್ಡ,
ಗುಡ್ಡದ ಮ್ಯಾಗ ಬೆಂಕಿ ಉಗಳೂ ಹಾವು ಅಂದ್ರ ಹಾವು.
ನನಗ ಜ್ವರಾ ಬಂದ ವಾರ
ಆ ಲೋಕದಾಗ ಬೆಳಗ ಹರೀಲಿಲ್ಲ.

ಆಡವರು ನಾಕು ಮಂದಿ. ಖರೇ ಹೆಸರು ಗೊತ್ತಿಲ್ಲ.
ಜತ್ತದ ಕಡೆಯಾಂವ ಒಬ್ಬ,
ಲಾರಿ ತೂಗೂ ಕಾಟಾದ ಮ್ಯಾಲ ಕೂಡತಾನಂತ.
ಆಟದಾಗ ಅಂವ ಕಲ್ಲೆದಿ ಭರಮಣ್ಣ,
ಎಷ್ಟು ತೂಕ ಅಂತ ಕೇಳದ ಬಂಗಾರ ಮುಟ್ಟಂಗಿಲ್ಲ.
ಮಂದ್ರೂಪದಾಕಿ ನರ್ಸು. ಆಟದಾಗ ಬಾಡಿಗಿ ಕತ್ತಿ.
ದಿನಾ ಉಳಸಿ ಉಳಸಿ ಸಾಕಾಗೇದರಿ,
ಇಲ್ಲಿ ನಾಕು ತಲಿ ತಗೀತೀನಿ ಅಂದಿದ್ಲು.

ದುಧನಿಯ ಹುಡುಗ ಮಂತ್ರಗಾರ.
ಸಾಲಿ ಮರಾಠಿ, ಕನ್ನಡ ಬಾಯಾಗಷ್ಟ;
ನಮ್ಮ ಮಾತು ಅವರ ಲಿಪಿಯೊಳಗ ಬರೀತಾನ,
ಹಗ್ಗಾ ಕಟ್ಟಿ ಬಟ್ಟಿ ಒಣಾಕಿದಾಂಗ
ಎಲ್ಲಾ ಅಕ್ಷರ ಒಂದ ಗೆರಿಗೆ ಜೋತು ಬಿದ್ದಿರತಾವ.
ಮಂತ್ರ ಮಾತ್ರ ಕನ್ನಡ ಅಕ್ಷರದಾಗ ಬೇಕಪಾ ಅಂದೆ.
ಮೂರು ರಾತ್ರಿ ತಿಣಕಿ ಬರದ.
"ಬಾಗಲಾ ತಗಿ" ಅನ್ನಾಕ ಹೋಗಿ
"ಬಗಲಾ ತಗಿ."
ಬಾಗಲಾ ಕಾಯೂ ರಾಕ್ಷಸ
ಎರಡೂ ಕೈ ಮ್ಯಾಲೆತ್ತಿ ನಿಂತಾ.
ಎಲ್ಲಾರೂ ಮೂಗು ಹಿಡಕೊಂಡು
ಅವನ ಬಗಲಾಗ ನುಸದು ಪಾರಾದ್ರು.

ಇಪ್ಪತ್ತು ಮುಖದ ದಾಳ ಫೋನಿನೊಳಗ ತಾನ ಉಳ್ಳತದ.
ನನಗ ಅದರ ಮ್ಯಾಲ ನಂಬಿಗಿ ಇಲ್ಲ.
ಒಂದ ಮಗ್ಗಲಾ ಬೆಳ್ಳಗ ತಿಕ್ಕಿದ ನಾಕು ಹುಣಸಿ ಬೀಜಾ
ಟೇಬಲ್ ಮ್ಯಾಲ ಚೆಲ್ಲಿ ಒಮ್ಮೆ ನೋಡತೀನಿ,
ಯಾರಿಗೂ ಹೇಳಂಗಿಲ್ಲ.

ನಾಕನೇದಾಂವ ಅಂಬಿಗ.
ಯಾವ ಊರು, ಗಂಡೋ ಹೆಣ್ಣೋ, ಎಂದೂ ಹೇಳಿಲ್ಲ.
ಹೊಳಿ ನಂದು. ನಮ್ಮ ಬೋರಿ ನೋಡೇ ಬರದದ್ದು,
ನೀರಷ್ಟ ಸುಳ್ಳು:
ಏಳಾಳ ಮಟ್ಟ, ನಡುವ ಸುಳಿ.
ದೋಣಿ ಅಂಬಿಗಂದು.
ಅವನ ಸರದಿ ಬಂದು ಇವತ್ತಿಗೆ ಹತ್ತೊಂಬತ್ತು ದಿನಾ.
ಕಡೀಗೆ ಬರದದ್ದು, "ಹುಟ್ಟು ಕೈಯಾಗ ತಗೊಂಡೆ."
ಹಂಗ ಎತ್ತಿ ನಿಂತಾನ.
ಹುಟ್ಟಿನ ತುದಿಗೆ ಒಂದು ಹನಿ,
ಬಿದ್ದಿಲ್ಲ.

ಇನ್ನೊಬ್ಬರ ಕೈ ನಾ ಆಡಸಂಗಿಲ್ಲ,
ಆಟದ ಮೊದಲನೇ ಕಾಯ್ದೆ ಅದು.
ಸೇತುವಿ ಒಂದು ಹುಟ್ಟಸರಿ, ಅಂದ ಭರಮಣ್ಣ,
ನೀವು ಬರದ್ರ ಆತಲ್ಲ.
ಹತ್ತೊಂಬತ್ತು ದಿನಾ ಅಂದ್ರ, ಅಂತ ನರ್ಸು ಬರದು
ಮುಂದ ಬರೀಲಿಲ್ಲ.

ಸೇತುವಿ ಬರದೆ. ಅಳಸಿದೆ.
ಅಂಬಿಗನ ದೋಣಿ ಮುಳುಗಿತು ಅಂತ ಬರದೆ.
ಕೈಯಾಗ ಫೋನು ಬಿಸಿ ಹತ್ತಿತು. ಅಳಸಿದೆ.
ಬೀಜಾ ಚೆಲ್ಲಿದೆ, ನಾಕೂ ಕರಿ.

ಹ್ವಾದ ಕಾರ್ತೀಕದಾಗ ಯಾರೋ ಹಿರ್ಯಾರು
ಹನ್ನೊಂದನೇ ಖೋಲಿ ಕೀಲಿ ಕಿಸೆದಾಗ ಇಟಗೊಂಡು
ಚಹಾ ಕುಡದು ಬರತೀನಿ ಅಂತ ಹೋದರು.
ಹೊಸಾ ಕೀಲಿ ಮಾಡಸೇವಿ,
ಅದನ್ನ ಡ್ರಾವರಿನಾಗ ಇಟ್ಟೀನಿ.
ಆ ಮೊಳಿ ಮಾತ್ರ ಖಾಲಿ ಬಿಟ್ಟೀನಿ, ಯಾಕೋ.

ಬರದೆ:
ಹೊಳಿ ಇನ್ನಾ ಇಳದಿಲ್ಲ.
ದಂಡಿ ಮ್ಯಾಲ ಬೆಂಕಿ ಹಾಕ್ಕೊಂಡು ಕೂಡ್ರಿ.

ಒಂದು ತಾಸು ಯಾರೂ ಮಾತಾಡಲಿಲ್ಲ.
ಹೊರಗ ಶಟರ್ ಬಡದ್ರು, ಲಾತೂರದವರು ಏಳು ಮಂದಿ,
ಎರಡು ಖೋಲಿ ಕೊಟ್ಟು ಬಂದೆ.
ಅಷ್ಟರಾಗ ದುಧನಿಯ ಹುಡುಗ,
ಮಂತ್ರ ಅಲ್ಲ ಏನಲ್ಲ, ಯಾರೂ ಹೇಳಿದ್ದಿಲ್ಲ,
ಹಗ್ಗಾ ಬಿಚ್ಚಿ ನಮ್ಮ ದುಂಡ ಅಕ್ಷರದಾಗ ಬರದಿದ್ದ:

ನನ ಚೀಲದಾಗ ನಾಕ ರೊಟಿ ಅದಾವ