ಒಂದು ಒತ್ತಿನ ಲೆಕ್ಕ

ಕಬ್ಬನ್‌ಪೇಟೆಯ ಸಂದಿಯಲ್ಲಿ ನನ್ನ ಅಂಗಡಿ.
ಕಲ್ಲಿನ ಮೇಲೆ ಹೆಸರು ಕೊರೆಯುವುದು ಕಸುಬು.
ಬದುಕಿದವರದು, ಸತ್ತವರದು, ಕೊಟ್ಟವರದು,
ದರ ಎಲ್ಲರಿಗೂ ಒಂದೇ:
ಅಕ್ಷರಕ್ಕೆ ಹದಿನಾಲ್ಕು, ಒತ್ತಿದ್ದರೆ ಮೇಲೆ ಆರು.

ಚಿಕ್ಕಹೊನ್ನಯ್ಯನವರು ತಾವೇ ಬಂದಿದ್ದರು.
ಕಾರು ಸಂದಿಗೆ ಹಿಡಿಸದೆ
ಅವೆನ್ಯೂ ರಸ್ತೆಯಿಂದ ನಡೆದು, ಬೆವರಿ,
ನನ್ನ ಮುರುಕು ಸ್ಟೂಲಿನ ಮೇಲೆ ಕೂತು
ಅರ್ಧ ಲೋಟ ನೀರು ಕೇಳಿದರು.
ಪೀಣ್ಯದಲ್ಲಿ ಒಂದೇ ಲೇತಿನಿಂದ ಶುರುಮಾಡಿದವರು;
ಈಗ ಅವರ ಪಂಪು ನೀರೆತ್ತದ ತಾಲೂಕಿಲ್ಲ.
ಆಸ್ಪತ್ರೆಗೆ ಹನ್ನೊಂದು ಕೋಟಿ ಬರೆದ ಕೈ
ನನ್ನ ದರಪಟ್ಟಿಯ ಮೇಲೆ ಬೆರಳಿಟ್ಟಿತು:
“ಒತ್ತು ಅಂದ್ರೆ ಬಾಲ ಕಣಯ್ಯ.
ಬಾಲಕ್ಕೆ ಆರು ಯಾಕೆ? ನಾಲ್ಕು ಮಾಡ್ಕೊ.”
ಮಾಡಿಕೊಂಡೆ.
ಹೆಸರೊಂದರಲ್ಲೇ ಮೂರು ಒತ್ತು, ಆರು ರೂಪಾಯಿ ಉಳಿಸಿ
ಎದ್ದರು. ಹೋಗುವಾಗ ಲೋಟ ತಾವೇ ತೊಳೆದಿಟ್ಟರು.

ಇದನ್ನು ಮನೆಯಲ್ಲಿ ಹೇಳಲಿಲ್ಲ.
ಮನೆಯಲ್ಲಿ ಆ ಹೆಸರಿಗೆ ಬೇರೆ ಲೆಕ್ಕವಿದೆ.
ಸಾಕಮ್ಮನ ತಮ್ಮ ಮುನಿಕೃಷ್ಣ
ಎಂಬತ್ತಾರರಲ್ಲಿ ಅವರ ಪ್ರೆಸ್ಸಿಗೆ
ಎರಡು ಬೆರಳು ಕೊಟ್ಟ.
ಕೊಟ್ಟ ಅನ್ನಬಹುದೇ? ಹೋದವು.
ಮೂರು ಸಾವಿರ ಬಂತು, ಒಂದು ಸಹಿ ಹೋಯಿತು,
ಉಳಿದ ಮೂರು ಬೆರಳಲ್ಲಿ ಪೆನ್ನು ಹಿಡಿದು
ಹಾಕಿದ ಸಹಿ.
ಆಮೇಲೆ ಗೇಟಿನಲ್ಲಿ ಕಾವಲು ಕೂತ, ಬೀಡಿ ಕಲಿತ.
ಸಾಯುವವರೆಗೂ ಹತ್ತರ ಎಣಿಕೆಯನ್ನು
ಎಂಟಕ್ಕೇ ನಿಲ್ಲಿಸಿ ನಗುತ್ತಿದ್ದ.

ಈಗ ಅದೇ ಸಾಕಮ್ಮ
ಮಂಗಳವಾರ, ಶುಕ್ರವಾರ
ಯಶವಂತಪುರದ ಆ ಆಸ್ಪತ್ರೆಯಲ್ಲಿ
ನಾಲ್ಕು ಗಂಟೆ ಮಲಗುತ್ತಾಳೆ.
ಅವಳ ರಕ್ತ ಹೊರಗೆ ಹೋಗಿ, ಕೈಕಾಲು ತೊಳೆದುಕೊಂಡು,
ಮನೆಗೆ ಬರುವ ಹಾಗೆ ಒಳಗೆ ಬರುತ್ತದೆ.
ಬಿಲ್ಲಿನ ಕೊನೆಗೆ ಸೊನ್ನೆ.
ಮೊದಲ ಸಲ ಆ ಸೊನ್ನೆಯನ್ನು ಬಹಳ ಹೊತ್ತು ನೋಡಿ
“ಮುನಿಯ ಬೆರಳಿಗೆ ಸರಿಹೋಗ್ತಿತ್ತು, ಉಂಗುರ” ಅಂದಳು.
ನಾನು ಚೀಟಿ ಮಡಿಸಿ ಜೇಬಿಗಿಟ್ಟೆ.

ಮೊಮ್ಮಗಳು ಲಿಖಿತ, ಲಗ್ಗೆರೆಯ ಅವರದೇ ಶಾಲೆ,
ಎರಡನೇ ಕ್ಲಾಸು. ಸಿಕ್ಕಿದ್ದೆಲ್ಲ ಓದುವ ವಯಸ್ಸು:
ಬಸ್ಸಿನ ಬೋರ್ಡು, ಬೆಂಕಿಪೊಟ್ಟಣ, ಮಾತ್ರೆಯ ಬೆನ್ನು.
ಅಜ್ಜಿಗೆ ಕಾಯುತ್ತಾ, ಬೆಂಚು ಹತ್ತಿ,
ನನ್ನ ಕಲ್ಲಿನ ಮೇಲೆ ಬೆರಳಾಡಿಸಿ ಓದಿದಳು:
“ಚಿ, ಕ್ಕ, ಹೊ, ನ, ಯ್ಯ.
ತಾತಾ, ‘ನ’ಕ್ಕೆ ಒತ್ತೇ ಇಲ್ಲ. ಮಿಸ್ ಹೊಡೀತಾರೆ.”

ನಲವತ್ತು ವರ್ಷ ಉಳಿ ಹಿಡಿದ ಕೈ ತಣ್ಣಗಾಯಿತು.
ಹೊನ್ನಿನ ಒತ್ತೇ ಹಾರಿಹೋಗಿದೆ,
ಅದೂ ಆ ಮನುಷ್ಯನ ಹೆಸರಲ್ಲಿ.

ಮಾರನೆಯ ದಿನ ಪೀಣ್ಯ ಎರಡನೇ ಹಂತಕ್ಕೆ ಹೋದೆ.
ಹೊಸ ಕಲ್ಲು ಪುಕ್ಕಟೆ ಕೊರೆದುಕೊಡ್ತೀನಿ ಸ್ವಾಮಿ, ಅಂದೆ.
ಕನ್ನಡಕ ಏರಿಸಿದರು. ನೋಟ್‌ಬುಕ್ ತೆಗೆದರು.
“ಹಾಗಾದ್ರೆ ಒಂದು ಒತ್ತಿನ ದುಡ್ಡು ವಾಪಸ್ಸು ಬರಬೇಕು.”
ನಾಲ್ಕು ರೂಪಾಯಿ ಎಣಿಸಿದೆ.
ಬರೆದುಕೊಂಡರು, ತಾರೀಕು ಸಮೇತ.
“ಕಲ್ಲು ಇರಲಿ ಬಿಡು. ಗೋಡೆ ಒಡೆದ್ರೆ ಧೂಳು,
ಧೂಳಿಗೆ ಎರಡು ದಿನ ಮಿಷನ್ನು ನಿಲ್ಲಿಸ್ಬೇಕು.
ಆ ಎರಡು ದಿನ ಅವರೆಲ್ಲ ಎಲ್ಲಿಗೆ ಹೋಗ್ತಾರೆ?”

ಮುನಿಕೃಷ್ಣನ ಮಾತು ನಾಲಿಗೆಯ ತುದಿಯಲ್ಲಿತ್ತು,
ಎಂಬತ್ತಾರರ ನೋಟ್‌ಬುಕ್ ಎಲ್ಲಿಟ್ಟಿದ್ದೀರಿ, ಅಂತ.
ಕೇಳಲಿಲ್ಲ. ಮಂಗಳವಾರ ಹತ್ತಿರವಿತ್ತು.

ಕಲ್ಲು ಹಾಗೇ ಇದೆ.
ಅದರ ಕೆಳಗಿನ ಬೆಂಚಿನಲ್ಲಿ ಕಾಯುವವರು
ತೂಕಡಿಸಿ ಗೋಡೆಗೆ ತಲೆ ಆನಿಸುತ್ತಾರೆ.
ಮಾಗಡಿಯಿಂದ ಬಂದ ತಲೆ, ನೆಲಮಂಗಲದ ತಲೆ,
ಕೊಬ್ಬರಿ ಎಣ್ಣೆಯ ತಲೆ, ಮುಡಿದ ಹೂವು ಬಾಡಿದ ತಲೆ.
ಬಿಳಿ ಬಣ್ಣದ ಮೇಲೆ ಒಂದು ಕಲೆ ಕೂತಿದೆ,
ಸರಿಯಾಗಿ ಆ ನಕಾರದ ಅಡಿಗೆ,
ಒತ್ತು ಇರಬೇಕಾದ ಜಾಗಕ್ಕಿಂತ ಒಂದು ಗೇಣು ಕೆಳಗೆ.

ಲಿಖಿತ ಈಗ ಅದನ್ನೂ ಸೇರಿಸಿ ಓದುತ್ತಾಳೆ.