ಗೊಜ್ಜಿನ ಚೀಟಿ

ಕುತಾಯಿಸಿಯ ಹಸಿರು ಬಜಾರಿನ ಹಿಂದೆ,
ಬೀಗದ ಕೈ ಮಾಡುವವನಿಗೂ ಬೂಟು ಹೊಲಿಯುವವನಿಗೂ ನಡುವೆ
ಓತಾರನ ಕಂಪ್ಯೂಟರ್ ರಿಪೇರಿ ಅಂಗಡಿ.
ಒಳಗೆ ಮೂವರಿದ್ದರೆ ನಾಲ್ಕನೆಯವರು ಉಸಿರು ಬಿಗಿಹಿಡಿಯಬೇಕು.
ನಾನಲ್ಲಿ ಸ್ಕ್ರೂ ಎಣಿಸುವ ಕೆಲಸಕ್ಕಿದ್ದೆ.

ಓತಾರ್ ಲಿನಕ್ಸಿನವನು.
ಗುಜರಿಗೆ ಹೊರಟ ಯಂತ್ರಕ್ಕೂ ಅದನ್ನು ಹಾಕಿ
'ನೋಡು, ಎದ್ದು ಕೂತಿತು' ಅನ್ನುವನು.
ಎದ್ದು ಕೂತದ್ದು ಪ್ರಿಂಟರಿನ ಗುರುತು ಹಿಡಿಯದಿದ್ದರೆ
ಅದು ಪ್ರಿಂಟರಿನ ಅಹಂಕಾರ.
ಅವನ ಭಾವಮೈದುನ ಬೆಸಾರಿಯೊನ್, ಮದುವೆಯ ಫೋಟೋದವನು,
ಮ್ಯಾಕಿನ ಸಾಲದ ಕಂತು ಇನ್ನೂ ಕಟ್ಟುತ್ತ
'ಇದರಲ್ಲಿ ಯೋಚನೆಯೇ ಬೇಡ' ಎಂದು
ಯೋಚಿಸಿ ಯೋಚಿಸಿ ಹೇಳುವನು.
ನಾನು ಶಾಲೆಯಲ್ಲಿ ಕಲಿತದ್ದು ವಿಂಡೋಸ್.
ಬೈಯುತ್ತ ಬೈಯುತ್ತ ಅದರೊಂದಿಗೇ ಬೆಳೆದೆ.
ಹಳೇ ಗಂಡನ ಪಾದವೇ ಗತಿ.

ಮಂಗಳವಾರ. ಗಿರಾಕಿಗಳಿಲ್ಲ, ಜಗಳಕ್ಕೆ ಹದವಾದ ಹೊತ್ತು.
ಆಗ ಬಂದಳು ತ್ಸಿಯಾಲಾ,
ಎಪ್ಪತ್ತೊಂದು ವರ್ಷ, ಕೈಯಲ್ಲೊಂದು ಖಾಲಿ ಬಾಟಲಿ.
'ಹುಳಿ ಪ್ಲಮ್ಮಿನ ಗೊಜ್ಜು ಮಾಡಿದ್ದೇನೆ, ನಲವತ್ತು ಬಾಟಲಿ.
ಮೇಲೆ ಅಂಟಿಸಲು ಹೆಸರಿನ ಚೀಟಿ ಬೇಕು, ಇಷ್ಟಗಲ.'
ಓತಾರ್ ಕುರ್ಚಿ ಒರೆಸಿದ.
'ನೀವೇ ಬರೆಯಿರಿ ಅಮ್ಮಾ, ಮೂರರಲ್ಲೂ.
ಯಾವುದು ಸಲೀಸು ಅಂತ ತೀರ್ಪು ಕೊಟ್ಟರೆ ಚೀಟಿ ಪುಕ್ಕಟೆ.'

ಮೊದಲು ನನ್ನದು. ಒತ್ತಿದ್ದೇ ತಡ
ಸುತ್ತತೊಡಗಿದವು ಚುಕ್ಕಿಗಳು: ಅಪ್‌ಡೇಟ್, ದಯವಿಟ್ಟು ಕಾಯಿರಿ.
ಅವಳು ಚೀಲದಿಂದ ಅಕ್ರೋಟು ತೆಗೆದು ಒಡೆದಳು. ಒಂದು. ಎರಡು.
ಆರನೆಯದು ಒಡೆಯುವಾಗ ತೆರೆಯಿತು ಪರದೆ.
'ನೆಂಟರನ್ನು ಹೊಸ್ತಿಲಲ್ಲಿ ನಿಲ್ಲಿಸಿ
ಮನೆ ಗುಡಿಸುವವರು ನಮ್ಮ ಬೀದಿಯಲ್ಲೂ ಇದ್ದಾರೆ.'
ಅಷ್ಟೇ. ಬರೆದಳು, ಅಚ್ಚಾಯಿತು.

ಮ್ಯಾಕಿನಲ್ಲಿ ಕಾಯಬೇಕಾಗಲಿಲ್ಲ.
ಆದರೆ ಬರೆದು ಮುಗಿಸಿ ಮುಚ್ಚಹೋದರೆ
ಅವಳ ಕೈ ಬಲಮೂಲೆಗೆ ಹೋಗಿ ತಡಕಾಡಿತು,
ಮುಚ್ಚುವ ಗುಂಡಿ ಎಡಮೂಲೆಯಲ್ಲಿ ಕೆಂಪಗೆ ಕೂತಿತ್ತು.
'ಚಂದ ಇದೆ,' ಅಂದಳು, ಬೆರಳು ಹಿಂದಕ್ಕೆಳೆದುಕೊಂಡು,
'ಕೂರಲು ಭಯವಾಗುವ ಸೋಫಾದ ಹಾಗೆ.'

ಲಿನಕ್ಸ್ ಚಟ್ಟನೆ ತೆರೆಯಿತು. ಓತಾರ್ ಎದೆ ಸೆಟೆಸಿದ.
ಪ್ರಿಂಟರ್ ಮಾತ್ರ ಕೆಮ್ಮಲೂ ಇಲ್ಲ.
ಅವನು ಅವಳ ಭುಜದ ಮೇಲಿಂದ ಬಗ್ಗಿ
ಕರಿ ಪರದೆಯೊಂದನ್ನು ತೆರೆದು
ಟಕಟಕ ಟಕಟಕ,
ತಾನೂ ಓದದಷ್ಟು ಬೇಗ ಏನನ್ನೋ ಹೊಡೆದ.
ಕಾಗದ ಬಂತು.
'ಅಡುಗೆ ಮಾಡಿದ್ದು ನಾನೋ ನೀನೋ?'

ತೀರ್ಪು?
ಅಕ್ರೋಟಿನ ಸಿಪ್ಪೆ ಮಡಿಲಿಂದ ಕೊಡವಿ ಎದ್ದಳು.
'ಬೇರೆಯವರ ಅಡುಗೆಮನೆಗೆ ಹೊಕ್ಕವರು
ಒಲೆ ಯಾವ ಕಂಪನಿಯದು ಅಂತ ಕೇಳುವುದಿಲ್ಲ ಮಕ್ಕಳಾ,
ಉಪ್ಪು ಎಲ್ಲಿಟ್ಟಿದ್ದೀರಿ ಅಂತ ಕೇಳುತ್ತಾರೆ.
ನಿಮ್ಮ ಮೂವರ ಮನೆಯಲ್ಲೂ ಉಪ್ಪನ್ನು ಬಚ್ಚಿಟ್ಟಿದ್ದಾರೆ.'

ತಪ್ಪು ಕಂಡದ್ದು ಪಕ್ಕದ ಬೂಟಿನವನಿಗೆ.
ಅಂಟು ಸಾಲ ಕೊಡಲು ಬಂದವನು ಓದಿ ನಕ್ಕ.
ಟ್ಕೆಮಾಲಿ ಎಂದಿರಬೇಕಾದಲ್ಲಿ ಥ್ಕೆಮಾಲಿ!
ಮೊದಲ ಅಕ್ಷರಕ್ಕೇ ಮಹಾಪ್ರಾಣ,
ಮೂರು ಹಾಳೆಯಲ್ಲೂ, ಸಾಲು ಸಾಲು.

ಲಾರಿ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ
ರಷ್ಯನ್ ಟೈಪಿಸ್ಟ್ ಆಗಿದ್ದಳಂತೆ.
ಹೆಸರು ಶುರುವಾದರೆ ಸಾಕು,
ಕಿರುಬೆರಳು ತಾನಾಗಿ ಶಿಫ್ಟ್ ಒತ್ತುತ್ತದೆ ದೊಡ್ಡಕ್ಷರಕ್ಕೆ.
ನಮ್ಮ ಬರಹದಲ್ಲಿ ಹೆಸರಿಗೆಂದು ದೊಡ್ಡಕ್ಷರ ಎಲ್ಲಿದೆ?
ಶಿಫ್ಟ್ ಒತ್ತಿದರೆ ಅಕ್ಷರ ದೊಡ್ಡದಾಗುವುದಿಲ್ಲ,
ಬೇರೆಯದೇ ಆಗುತ್ತದೆ.

ಕಾಯಿಸಿದ್ದು, ಹೆದರಿಸಿದ್ದು, ಕರಿ ಪರದೆಯದು,
ಮೂರೂ ಆ ಕಿರುಬೆರಳಿಗೆ ತಲೆಬಾಗಿದ್ದವು.
ನಾವು ಮೂವರು ಬೆನ್ನ ಹಿಂದೆಯೇ ನಿಂತಿದ್ದೆವು,
ನೋಡುತ್ತಿದ್ದದ್ದು ಯಂತ್ರಗಳನ್ನು.

'ಇರಲಿ ಬಿಡು,' ಅಂದಳು, 'ಹುಳಿ ಕಮ್ಮಿಯಾಗುವುದಿಲ್ಲ.'
ಹಾಗೇ ಅಂಟಿಸಿ ಮಾರಿದಳು.

ಒಂದು ಬಾಟಲಿ ನಮ್ಮ ಕಪಾಟಿನಲ್ಲಿದೆ, ತಪ್ಪು ಹೆಸರಿನದು.
ಅದು ಯಾರ ಯಂತ್ರದ ಚೀಟಿ ಎಂಬ ಜಗಳ
ಮಧ್ಯಾಹ್ನದ ರೊಟ್ಟಿಯ ಜೊತೆ ದಿನವೂ ಮುಂದುವರಿಯುತ್ತದೆ.
ಯೋಚನೆಯೇ ಬೇಡ ಎನ್ನುವ ಬೆಸಾರಿಯೊನ್
ಮುಚ್ಚಳ ತೆಗೆಯಲು ಇವತ್ತೂ
ಮೊದಲು ಬಲಕ್ಕೇ ತಿರುಗಿಸಿದ.